ಎಡಕ್ಕೆ ಮಡಚಿದಾಗ ನಿಂತುಬಿಡುವ ಟ್ರಕ್: ನಡುಕೀಲಿನ ಆರ್‌ಸಿ ಮಾದರಿಯಲ್ಲಿ ದೋಷ ಹುಡುಕುವ ಬಗೆ

ಲಕ್ಷಣ ಹೀಗಿದೆ. ರೇಡಿಯೋ ರಿಮೋಟಿನಿಂದ ಓಡಿಸುವ (ಆರ್‌ಸಿ), ನಡುವೆ ಕೀಲಿದ್ದು ಮಡಚುವ ಮಾದರಿ ಟ್ರಕ್ ಟೇಬಲ್ ಮೇಲೆ ಸರಿಯಾಗಿರುತ್ತದೆ. ಚಕ್ರ ತಿರುಗುತ್ತವೆ, ನಡುಕೀಲು ಎಡಕ್ಕೂ ಬಲಕ್ಕೂ ಮಡಚುತ್ತದೆ, ಲೈಟ್ ಉರಿಯುತ್ತವೆ. ಅದನ್ನೇ ಹೊಲಕ್ಕೆ ಒಯ್ದು, ಬದು ಹತ್ತಿಸಿ, ಎಡಕ್ಕೆ ತಿರುಗಿಸಿದ ಕೂಡಲೇ ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಮತ್ತೆ ಓಡುತ್ತದೆ. ಬಲಕ್ಕೆ ತಿರುಗಿಸಿದರೆ ಏನೂ ಆಗುವುದಿಲ್ಲ.

ಬೀದರ್‌ನಿಂದ ಒಬ್ಬ ಇಂಜಿನಿಯರಿಂಗ್ ಹುಡುಗ ಇಂಥದ್ದೇ ಗಾಡಿ ಹಿಡಿದುಕೊಂಡು ಕಲಬುರಗಿಗೆ ಬಂದಿದ್ದ. ಅವನ ಲೆಕ್ಕದಲ್ಲಿ ದೋಷ ರೇಡಿಯೋದ್ದು. ಗಾಡಿಯೊಳಗೆ ಸಿಗ್ನಲ್ ಹಿಡಿಯುವ ರಿಸೀವರ್ ಬದಲಾಯಿಸಿದ್ದ, ಆಮೇಲೆ ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್ ಕೂಡ ಹೊಸದು ತಂದಿದ್ದ. ತೊಂದರೆ ಹಾಗೇ ಇತ್ತು. ಕೊನೆಗೆ ದೋಷ ಸಿಕ್ಕಿದ್ದು ಯಾವ ವೈರಿನಲ್ಲೂ ಅಲ್ಲ, ಎರಡು ಎಂಎಂ ಪಕ್ಕಕ್ಕೆ ಸರಿದಿದ್ದ ಒಂದು ಪಿನ್ನಿನಲ್ಲಿ.

ನಡುವೆ ಮಡಚುವ ಗಾಡಿಯಲ್ಲಿ ದೋಷ ಕಾಣುವ ಜಾಗ ಒಂದು, ಇರುವ ಜಾಗ ಇನ್ನೊಂದು. ಎಳೆತ, ಕರೆಂಟ್, ತಿರುವು ಮೂರೂ ಒಂದೇ ಕೀಲಿನ ಮೂಲಕ ದಾಟಬೇಕು. ಹಾಗಾಗಿ ಒಂದರ ತೊಂದರೆ ಇನ್ನೊಂದರಲ್ಲಿ ಹೊರಬೀಳುತ್ತದೆ. ಸುಮ್ನೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆ, ದೋಷ ಅಲ್ಲೇ ಇರುತ್ತದೆ. ಯಾವ ಕ್ರಮದಲ್ಲಿ ನೋಡಬೇಕು ಅನ್ನೋದನ್ನ ಇಲ್ಲಿ ಬರೆದಿದ್ದೇನೆ.

ಯಾವ ಗಾಡಿ ಇದು

ಹುಡುಗ ಕಟ್ಟಿದ್ದು ಅಮೆರಿಕದ ಒಶ್‌ಕೋಶ್ ಕಂಪನಿಯ ಎಂಕೆ48 ಮಿಲಿಟರಿ ಟ್ರಕ್ಕಿನ ಮಾದರಿ, 1:14 ಅಳತೆಯಲ್ಲಿ. ಮೂಲ ಗಾಡಿಯನ್ನು ಅಲ್ಲಿನ ಮರೀನ್ ಕೋರ್ 1985ರಿಂದ ಬಳಸಿತು. ಎಂಟು ಚಕ್ರ, ಎಂಟಕ್ಕೂ ಎಳೆತ. ಮುಂದಿನ ತುಂಡಿನಲ್ಲಿ ಕ್ಯಾಬಿನ್ ಮತ್ತು 445 ಅಶ್ವಶಕ್ತಿಯ ಡೆಟ್ರಾಯಿಟ್ ಡೀಸೆಲ್ 8ವಿ92ಟಿಎ ಎಂಜಿನ್. ಹಿಂದಿನ ತುಂಡನ್ನು ಕೆಲಸಕ್ಕೆ ತಕ್ಕಂತೆ ಬದಲಾಯಿಸಬಹುದಿತ್ತು. ಎಂಕೆ14 ಅಂದರೆ ಕಂಟೇನರ್ ಹೊರುವುದು, ಎಂಕೆ15 ಕೆಟ್ಟು ನಿಂತ ಗಾಡಿ ಎಳೆಯುವುದು, ಎಂಕೆ16ರಲ್ಲಿ ಟ್ರೇಲರ್ ಸಿಕ್ಕಿಸುವ ಫಿಫ್ತ್ ವೀಲ್, ಎಂಕೆ17ರಲ್ಲಿ ಕ್ರೇನ್. ಎರಡು ತುಂಡುಗಳ ನಡುವಿನ ಕೀಲನ್ನು ಹೈಡ್ರಾಲಿಕ್ ಸಿಲಿಂಡರ್‌ಗಳು ಮಡಚುತ್ತವೆ. ಮುಂದಿನ ಚಕ್ರಗಳು ತಿರುಗುವುದರ ಜೊತೆಗೆ ಗಾಡಿಯ ನಡುವೂ ಬಾಗುತ್ತದೆ. ಆದ್ದರಿಂದಲೇ ಅಷ್ಟು ಉದ್ದದ ಗಾಡಿ ಇಕ್ಕಟ್ಟಿನಲ್ಲೂ ತಿರುಗುತ್ತದೆ.

ಅಫಜಲಪುರ, ಆಳಂದ ಕಡೆ ಕಬ್ಬು ಹೊರುವ ಟ್ರ್ಯಾಕ್ಟರ್ ಹಿಂದೆಯೂ ಟ್ರಾಲಿ ಇರುತ್ತದೆ, ಅದೂ ತಿರುವಿನಲ್ಲಿ ಮಡಚುತ್ತದೆ. ಆದರೆ ಟ್ರಾಲಿಯ ಚಕ್ರಕ್ಕೆ ಎಳೆತ ಇಲ್ಲ, ಮಡಚುವುದೂ ತಾನೇ ಆಗುವುದು. ಇಲ್ಲಿ ಹಾಗಲ್ಲ. ಕೀಲು ಬಲ ಹಾಕಿ ಮಡಚುತ್ತದೆ, ಮಡಚಿದ ಸ್ಥಿತಿಯಲ್ಲೇ ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಚಕ್ರಗಳನ್ನು ತಿರುಗಿಸಬೇಕು. ಕಷ್ಟವೆಲ್ಲ ಇರೋದು ಅಲ್ಲೇ.

ಮಾದರಿಯಲ್ಲಿ ಸಿಲಿಂಡರ್ ಬದಲು ಒಂದು ದೊಡ್ಡ ಸರ್ವೋ (ಹೇಳಿದಷ್ಟು ಕೋನಕ್ಕೆ ತಿರುಗಿ ನಿಲ್ಲುವ ಮೋಟರ್) ಇತ್ತು, ಹಿಂದಿನ ತುಂಡಿನಲ್ಲಿ. ಬ್ಯಾಟರಿ ಸಹ ಹಿಂದೆಯೇ. ಮೋಟರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ರಿಸೀವರ್ ಮುಂದಿನ ಕ್ಯಾಬಿನ್‌ನಲ್ಲಿ. ಅಂದರೆ ಬ್ಯಾಟರಿ ವೈರ್, ಸರ್ವೋ ವೈರ್, ಶಾಫ್ಟ್ ಎಲ್ಲವೂ ಕೀಲು ದಾಟುತ್ತಿದ್ದವು.

ಬೇರೆ ಮಾದರಿ ಕಟ್ಟುವವರಿಗೆ ಒಂದು ಮಾತು. ಎಲ್ಲ ನಡುಕೀಲೂ ಒಂದೇ ಥರ ಅಲ್ಲ. ವಿಯೆಟ್ನಾಂ ಯುದ್ಧದಲ್ಲಿ ಓಡಿದ ಎಂ520 ಗೋಯರ್‌ಗೆ ಸಸ್ಪೆನ್ಷನ್ನೇ ಇಲ್ಲ, ಇಡೀ ಸ್ಟಿಯರಿಂಗ್ ನಡುಕೀಲಿನಿಂದಲೇ. ಎಂ561 ಗಾಮಾ ಗೋಟ್‌ನಲ್ಲಿ ಇದರ ಉಲ್ಟಾ. ಅದರ ಕೀಲು ಮೇಲೆ ಕೆಳಗೆ ಬಾಗುತ್ತದೆ, ತಿರುಚುತ್ತದೆ, ಆದರೆ ಪಕ್ಕಕ್ಕೆ ಮಡಚುವುದಿಲ್ಲ. ತಿರುಗೋದು ಮುಂದಿನ ಮತ್ತು ಹಿಂದಿನ ಚಕ್ರಗಳು. ಗಾಮಾ ಗೋಟ್ ಕಟ್ಟುವವರು ಶಾಫ್ಟ್ ಬಗ್ಗೆ ಮುಂದೆ ಬರೆದಿದ್ದನ್ನು ಮೇಲೆ ಕೆಳಗಿನ ಬಾಗುವಿಕೆಗೆ ಹೊಂದಿಸಿಕೊಂಡು ಓದಬೇಕು.

ಮೊದಲು ನೋಡಬೇಕಾದ್ದು: ಹೇಗೆ ನಿಂತಿತು?

ಬಿಚ್ಚುವ ಮೊದಲು ನೋಡಿ. ಗಾಡಿ ನಿಂತ ಆ ಕ್ಷಣದಲ್ಲೇ ಅರ್ಧ ಉತ್ತರ ಇದೆ. ಒಬ್ಬರು ಟ್ರಾನ್ಸ್‌ಮಿಟರ್ ಹಿಡಿಯಲಿ, ಇನ್ನೊಬ್ಬರು ಗಾಡಿಯ ಪಕ್ಕ ಕೂತು ಲೈಟ್, ಸರ್ವೋ, ರಿಸೀವರ್ ದೀಪ ನೋಡಲಿ.

ಮೋಟರ್ ನಿಂತಿದೆ, ಆದರೆ ಸ್ಟಿಯರಿಂಗ್ ಕೆಲಸ ಮಾಡುತ್ತಿದೆಯಾ? ಹಾಗಾದರೆ ಇಎಸ್‌ಸಿ ಬೇಕಂತಲೇ ಮೋಟರ್ ಬಂದ್ ಮಾಡಿದೆ. ಸಾಮಾನ್ಯವಾಗಿ ಕಾರಣ ಎರಡು: ಬ್ಯಾಟರಿ ಇಳಿದಿದೆ, ಇಲ್ಲವೇ ಇಎಸ್‌ಸಿ ಕಾದಿದೆ. ಎರಡು ಸೆಲ್‌ನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತುಂಬಿದಾಗ 8.4 ವೋಲ್ಟ್ ಇರುತ್ತದೆ. ಸೆಲ್ ಒಂದಕ್ಕೆ 3.0ರಿಂದ 3.3 ವೋಲ್ಟ್‌ಗೆ ಬಂದರೆ ಸಾಮಾನ್ಯವಾಗಿ ಇಎಸ್‌ಸಿ ಕಡಿತ ಮಾಡುತ್ತದೆ. ಹಳೆಯ ಬ್ಯಾಟರಿ ಸುಮ್ನೆ ಇದ್ದಾಗ ಒಳ್ಳೆ ವೋಲ್ಟೇಜ್ ತೋರಿಸಿ, ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಇನ್ನು ಕಾಯುವುದರ ಬಗ್ಗೆ ನಮ್ಮ ಊರಿನವರಿಗೆ ಹೇಳಬೇಕಾ? ಮೇ ತಿಂಗಳ ಮಧ್ಯಾಹ್ನ ಗಾಳಿಯೇ 42 ಡಿಗ್ರಿ ಇರುವಾಗ, ಮುಚ್ಚಿದ ಕ್ಯಾಬಿನ್ ಒಳಗೆ ಇಎಸ್‌ಸಿ ತಣ್ಣಗಾಗಲು ಜಾಗವೇ ಇರುವುದಿಲ್ಲ. ಬೆಳಿಗ್ಗೆ ಆರಕ್ಕೆ ಓಡಿಸಿ ನೋಡಿ. ಆಗ ತೊಂದರೆ ಇಲ್ಲ ಅಂದರೆ ಕಾರಣ ಬಿಸಿ.

ಏನೂ ಕೆಲಸ ಮಾಡುತ್ತಿಲ್ಲ, ಲೈಟ್ ಕೂಡ ಮಂಕಾಯಿತು, ಎದ್ದಾಗ ಇಎಸ್‌ಸಿ ಆನ್ ಮಾಡಿದಾಗಿನ ಅದೇ ಬೀಪ್ ಬಂತು? ಇದು ವೋಲ್ಟೇಜ್ ಕುಸಿತ. ರಿಸೀವರ್‌ಗೆ ಹೋಗುವ ಕರೆಂಟೇ ಒಂದು ಕ್ಷಣ ಸಾಲದೆ ಹೋಗಿದೆ. ಲೈಟ್‌ಗಳು ರಿಸೀವರ್‌ನಿಂದಲೇ ಕರೆಂಟ್ ತೆಗೆದುಕೊಳ್ಳುವಂತೆ ಜೋಡಿಸಿದ್ದರೆ ಈ ಗುರುತು ಚೆನ್ನಾಗಿ ಕಾಣುತ್ತದೆ.

ಏನೂ ಕೆಲಸ ಮಾಡುತ್ತಿಲ್ಲ, ಆದರೆ ಲೈಟ್ ಜೋರಾಗೇ ಉರಿಯುತ್ತಿದೆ, ರಿಸೀವರ್ ದೀಪ ಮಿಣುಕುತ್ತಿದೆ, ಬೀಪ್ ಬಂದಿಲ್ಲ? ಈಗ ರೇಡಿಯೋ ಮೇಲೆ ಅನುಮಾನ ಪಡಬಹುದು.

ಮೋಟರ್ ಸದ್ದು ಬರುತ್ತಿದೆ, ಚಕ್ರ ತಿರುಗುತ್ತಿಲ್ಲ ಅಂದರೆ ಸಾಮಾನ್ಯವಾಗಿ ಗೇರನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಸಡಿಲವಾಗಿದೆ. ಶಾಫ್ಟ್ ಮೇಲೆ ಅರದಿಂದ ಚಪ್ಪಟೆ ಜಾಗ ಮಾಡಿ, ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಬಿಗಿ ಮಾಡಿ. ಮುಗೀತು.

ಬೀದರ್ ಗಾಡಿಯಲ್ಲಿ ಆಗುತ್ತಿದ್ದದ್ದು ಎರಡನೆಯದು. ಹೆಡ್‌ಲೈಟ್ ಮಂಕಾಗಿ, ಆರಿ, ಬೀಪ್ ಬಂದು ಎದ್ದೇಳುತ್ತಿತ್ತು. ಇಷ್ಟು ನೋಡಿದ್ದರೆ ಹೊಸ ಟ್ರಾನ್ಸ್‌ಮಿಟರ್ ಬೇಕಿರಲಿಲ್ಲ. ಪಾಪ, ಲೈಟ್ ನೋಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ವೋಲ್ಟೇಜ್ ಯಾಕೆ ಕುಸಿಯುತ್ತದೆ

ಇಎಸ್‌ಸಿ ಒಳಗೆ ಬಿಇಸಿ ಅಂತ ಒಂದು ಭಾಗ ಇರುತ್ತದೆ. ಬ್ಯಾಟರಿಯ ವೋಲ್ಟೇಜ್ ಇಳಿಸಿ ರಿಸೀವರ್‌ಗೆ, ಅದರ ಮೂಲಕ ಸರ್ವೋಗಳಿಗೆ ಕೊಡುವುದು ಅದೇ. ಅಗ್ಗದ ಇಎಸ್‌ಸಿಗಳಲ್ಲಿ ಅದು 5 ವೋಲ್ಟ್, 2 ಆಂಪಿಯರ್ ಇರಬಹುದು. ದೊಡ್ಡ ಸರ್ವೋ ಒಂದು ಸಿಕ್ಕಿಕೊಂಡು ನಿಂತರೆ ಅದೊಂದೇ ಎರಡು ಮೂರು ಆಂಪಿಯರ್ ಎಳೆಯುತ್ತದೆ. ಮುಂದಿನ ಚಕ್ರದ ಸರ್ವೋ ಬೇರೆ, ಲೈಟ್ ಬೇರೆ. ಬೇಸಿಗೆಯಲ್ಲಿ ಒಂದೇ ನಲ್ಲಿ ಲೈನಿಗೆ ಓಣಿಯವರೆಲ್ಲ ಮೋಟರ್ ಹಚ್ಚಿದ ಹಾಗೆ. ಕೊನೆಯ ಮನೆಗೆ ನೀರು ಬರೋದೇ ಇಲ್ಲ. ಇಲ್ಲಿ ಆ ಕೊನೆಯ ಮನೆ ರಿಸೀವರ್. ಸುಮಾರು 3.5 ವೋಲ್ಟ್‌ಗಿಂತ ಕೆಳಗೆ ಹೋದರೆ ಹಲವು ರಿಸೀವರ್‌ಗಳು ಆರಿಹೋಗುತ್ತವೆ.

ಈ ಕುಸಿತ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಗಿ ಮುಗಿಯುತ್ತದೆ. ಸಾದಾ ಮಲ್ಟಿಮೀಟರ್ ಅದನ್ನು ಹಿಡಿಯುವುದಿಲ್ಲ, 5 ವೋಲ್ಟ್ ಅಂತಲೇ ತೋರಿಸುತ್ತದೆ. ಕನಿಷ್ಠ ಅಂಕಿಯನ್ನು ಹಿಡಿದಿಟ್ಟುಕೊಳ್ಳುವ ಬಟನ್ ಇರುವ ಮೀಟರ್ ಇದ್ದರೆ ಸ್ವಲ್ಪ ನೆರವಾಗುತ್ತದೆ. ಅದಕ್ಕಿಂತ ನಂಬಿಕೆಯ ಪರೀಕ್ಷೆ ಇದು: ನಾಲ್ಕು ಎನ್‌ಐಎಂಎಚ್ (ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್) ಸೆಲ್‌ಗಳ 4.8 ವೋಲ್ಟ್ ಪ್ಯಾಕ್ ತಗೊಳ್ಳಿ. ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಪ್ಲಗ್‌ನಲ್ಲಿ ನಡುವಿನ ಕೆಂಪು ವೈರಿನ ಪಿನ್ ಮಾತ್ರ ಹೊರಗೆ ತೆಗೆದು ಟೇಪ್ ಸುತ್ತಿ. ಕಪ್ಪು ವೈರ್ ಮತ್ತು ಸಿಗ್ನಲ್ ವೈರ್ ಇರಲೇಬೇಕು. ರಿಸೀವರ್‌ನ ಬ್ಯಾಟರಿ ಪೋರ್ಟ್‌ಗೆ ಆ ಪ್ಯಾಕ್ ಹಚ್ಚಿ. ಈಗ ಅದೇ ಬದುವಿನ ಮೇಲೆ, ಅದೇ ಎಡ ತಿರುವು.

ಗಾಡಿ ಸಾಯುತ್ತಿಲ್ಲವಾ? ಹಾಗಾದರೆ ರೇಡಿಯೋ ನಿರ್ದೋಷಿ. ಬಿಇಸಿಯ ಕೈಗೆ ಮೀರಿದ ಭಾರ ಎಲ್ಲೋ ಇದೆ.

ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ದೊಡ್ಡ ಬಿಇಸಿ ತರುತ್ತಾರೆ, ಗಾಡಿ ಓಡುತ್ತದೆ, ಖುಷಿಯಾಗುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಬಲಕ್ಕೆ ಮಡಚಿದಾಗ ಸಾಕಾದ ಕರೆಂಟ್ ಎಡಕ್ಕೆ ಮಡಚಿದಾಗ ಯಾಕೆ ಸಾಲದು? ಈ ಪ್ರಶ್ನೆಗೆ ದೊಡ್ಡ ಬಿಇಸಿ ಉತ್ತರ ಕೊಡುವುದಿಲ್ಲ. ಸಿಕ್ಕಿಕೊಂಡಿರುವ ಪಾರ್ಟ್ ಸಿಕ್ಕಿಕೊಂಡೇ ಇರುತ್ತದೆ. ಈಗ ಅದರ ಮೇಲೆ ಬೀಳುವ ಬಲ ಇನ್ನೂ ಜಾಸ್ತಿ. ಮುಂದೆ ಸರ್ವೋ ಗೇರಿನ ಹಲ್ಲು ಹೋಗುತ್ತದೆ, ಇಲ್ಲ ಶಾಫ್ಟ್ ಬಾಗಿದರೂ ತಿರುಗುವಂತೆ ಮಾಡುವ ಯು-ಜಾಯಿಂಟ್ ಮುರಿಯುತ್ತದೆ. ದೊಡ್ಡ ಬಿಇಸಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಭಾರ ಎಲ್ಲಿಂದ ಬಂತು ಅಂತ ತಿಳಿದ ಮೇಲೆ ಹಾಕಿ.

ಕೀಲು ದಾಟುವ ವೈರ್

ಮಡಚುವ ಜಾಗದಲ್ಲಿ ವೈರ್ ಹೊರಗಿನಿಂದ ಚೆನ್ನಾಗಿ ಕಂಡು ಒಳಗೆ ತುಂಡಾಗಿರುತ್ತದೆ. ಮಲ್ಟಿಮೀಟರಿನ ಬಜರ್ ಇಟ್ಟು ನೋಡಿದರೆ ಬೀಪ್ ಬರುತ್ತದೆ, ಯಾಕೆಂದರೆ ಎರಡು ಎಳೆ ಉಳಿದಿದ್ದರೂ ಬಜರ್ ಕೂಗುತ್ತದೆ. ಆದರೆ ಎರಡು ಎಳೆಯಲ್ಲಿ ಮೂರು ಆಂಪಿಯರ್ ಹೋಗುವುದಿಲ್ಲ.

ಆದ್ದರಿಂದ ಭಾರ ಇದ್ದಾಗ ಅಳೆಯಿರಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಮೊನೆಯನ್ನು ಕೆಂಪು ವೈರಿನ ಈ ತುದಿಗೆ, ಇನ್ನೊಂದನ್ನು ಅದೇ ಕೆಂಪು ವೈರಿನ ಆ ತುದಿಗೆ ಹಿಡಿಯಿರಿ. ಸ್ನೇಹಿತರೊಬ್ಬರು ಹಿಂದಿನ ತುಂಡನ್ನು ಗಟ್ಟಿಯಾಗಿ ಹಿಡಿದಿರಲಿ, ನೀವು ಸರ್ವೋ ತಿರುಗಿಸಿ. ಕರೆಂಟ್ ಹರಿಯುವಾಗ ಒಂದೇ ವೈರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಕಾಣುತ್ತದೋ ಅಷ್ಟನ್ನು ಆ ವೈರ್ ತಿಂದಿದೆ ಅಂತ ಅರ್ಥ. ಕಪ್ಪು ವೈರಿಗೂ ಹೀಗೇ ಮಾಡಿ. ಎಡಕ್ಕೆ ಬಾಗಿಸಿ, ಬಲಕ್ಕೆ ಬಾಗಿಸಿ, ಅಂಕಿ ಜಿಗಿಯುತ್ತದಾ ನೋಡಿ.

ತುಂಡಾಗದ ವೈರ್ ಕೂಡ ತೆಳ್ಳಗಿದ್ದರೆ ತಿನ್ನುತ್ತದೆ. ಲೆಕ್ಕ ಹೇಳುತ್ತೇನೆ. ಸರ್ವೋ ಎಕ್ಸ್‌ಟೆನ್ಷನ್‌ಗೆ ಸಾಮಾನ್ಯವಾಗಿ ಬರುವ 26 ಗೇಜ್ ವೈರ್ ಮೀಟರಿಗೆ ಸುಮಾರು 0.134 ಓಮ್. ಕ್ಯಾಬಿನ್‌ನಿಂದ ಹಿಂದಿನ ಸರ್ವೋಗೆ 60 ಸೆಂ.ಮೀ. ಇದ್ದರೆ, ಹೋಗಿ ಬರುವ ದಾರಿ ಸೇರಿ 0.16 ಓಮ್. ಮೂರು ಆಂಪಿಯರ್‌ಗೆ ಅರ್ಧ ವೋಲ್ಟ್ ಹತ್ತಿರ ಹೋಯಿತು. 22 ಗೇಜ್ ಹಾಕಿದರೆ ಅದು 0.2 ವೋಲ್ಟ್‌ಗೆ ಇಳಿಯುತ್ತದೆ. ಹೈದರಾಬಾದಿನ ಕೋಠಿಗೆ ಹೋದಾಗ ಸಿಲಿಕಾನ್ ಹೊದಿಕೆಯ 22 ಗೇಜ್ ವೈರ್ ನಾಲ್ಕೈದು ಮೀಟರ್ ತಂದಿಟ್ಟುಕೊಳ್ಳಿ. ಬಾಗುವ ಜಾಗಕ್ಕೆ ಸಿಲಿಕಾನ್ ವೈರ್ ಬಿಟ್ಟು ಬೇರೆ ಹಾಕಬೇಡಿ.

ವೈರ್ ಸಾಗುವ ದಾರಿಯೂ ಮುಖ್ಯ. ಕೀಲಿನ ಪಿನ್ನಿಗೆ ಆದಷ್ಟು ಹತ್ತಿರದಿಂದ, ನೆತ್ತಿಯ ಮೇಲೆ ಒಂದು ಸಡಿಲ ಸುತ್ತು ಬಿಟ್ಟು ಒಯ್ಯಿರಿ. ಚಾಸಿಯ ಪಕ್ಕದಿಂದ ಒಯ್ದರೆ ಒಂದು ಕಡೆ ಮಡಚಿದಾಗ ಎಳೆಯುತ್ತದೆ, ಇನ್ನೊಂದು ಕಡೆ ಮಡಚಿದಾಗ ಸಿಕ್ಕಿ ಜಜ್ಜಿಹೋಗುತ್ತದೆ.

ಬೀದರ್ ಗಾಡಿಯ ವೈರ್ ತೆಳ್ಳಗಿತ್ತು, ಆದರೆ ಎಡಕ್ಕೂ ಬಲಕ್ಕೂ ಅಂಕಿ ಒಂದೇ ಬಂತು. ಅಲ್ಲಿಗೆ ವೈರ್ ಪಕ್ಕಕ್ಕಿಟ್ಟೆವು.

ಸರ್ವೋ

ಪೂರ್ತಿ ಎಡಕ್ಕೆ ಮಡಚಿ ಕಿವಿ ಕೊಡಿ. ಸರ್ವೋ ಗುಂಯ್ ಅನ್ನುತ್ತಿದ್ದರೆ ಅದು ಕೀಲಿನ ಮಿತಿ ದಾಟಿ ಒತ್ತುತ್ತಿದೆ. ಟ್ರಾನ್ಸ್‌ಮಿಟರ್‌ನ ಎಂಡ್ ಪಾಯಿಂಟನ್ನು (ಸರ್ವೋ ಎಲ್ಲಿಯವರೆಗೆ ತಿರುಗಬೇಕು ಅನ್ನುವ ಮಿತಿ) ಸದ್ದು ನಿಲ್ಲುವವರೆಗೆ ಕಡಿಮೆ ಮಾಡಿ. ಸಿಲಿಂಡರ್ ಥರ ಕಾಣಲಿ ಅಂತ ಎರಡೂ ಪಕ್ಕ ಒಂದೊಂದು ಸರ್ವೋ ಹಾಕಿದವರು ಒಂದರ ಹಾರ್ನ್ (ಸರ್ವೋದ ತಿರುಗುವ ತೋಳು) ಬಿಚ್ಚಿ ನೋಡಬೇಕು. ಎರಡರ ಸೆಂಟರ್ ಒಂದೇ ಇಲ್ಲದಿದ್ದರೆ ನೇರ ಓಡುವಾಗಲೂ ಅವು ಒಂದನ್ನೊಂದು ನೂಕುತ್ತಾ ಕರೆಂಟ್ ತಿನ್ನುತ್ತಿರುತ್ತವೆ.

ಇನ್ನೊಂದು ಪರೀಕ್ಷೆ ತುಂಬ ಸರಳ, ಆದರೆ ಯಾರೂ ಮಾಡುವುದಿಲ್ಲ. ಸರ್ವೋ ರಾಡ್ ಬಿಚ್ಚಿ, ಶಾಫ್ಟ್ ಕೂಡ ಬಿಚ್ಚಿ, ಕೀಲನ್ನು ಕೈಯಿಂದ ಮಡಚಿ. ಬೆರಳಿಂದ ತಳ್ಳಿದರೆ ಸಾಕು ಅನ್ನುವಷ್ಟು ಸಲೀಸಾಗಿ ಹೋಗಬೇಕು. ಈಗ ಶಾಫ್ಟ್ ಮಾತ್ರ ಹಾಕಿ ಮತ್ತೆ ಮಡಚಿ. ಎರಡರ ನಡುವಿನ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಬೀದರ್ ಗಾಡಿಯಲ್ಲಿ ಶಾಫ್ಟ್ ಇಲ್ಲದಾಗ ಎರಡೂ ಕಡೆ ಸಲೀಸು. ಶಾಫ್ಟ್ ಹಾಕಿದ ಮೇಲೆ ಬಲಕ್ಕೆ ಸಲೀಸು, ಎಡಕ್ಕೆ ಕೊನೆಯಲ್ಲಿ ಗಟ್ಟಿ. ಅಷ್ಟೇ ಅಲ್ಲ, ಕೈ ಬಿಟ್ಟರೆ ಕೀಲು ಸ್ವಲ್ಪ ವಾಪಸ್ ಬರುತ್ತಿತ್ತು.

ಶಾಫ್ಟ್: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ಕೀಲು ದಾಟುವ ಶಾಫ್ಟ್‌ಗೆ ಎರಡು ತುದಿಯಲ್ಲಿ ಎರಡು ಯು-ಜಾಯಿಂಟ್, ನಡುವೆ ಒಳಗೆ ಹೊರಗೆ ಜಾರುವ ಭಾಗ. ಇದು ಸರಿಯಾಗಿ ಓಡಲು ಮೂರು ವಿಷಯ ಬೇಕು.

ಒಂದು, ಕೀಲಿನ ಪಿನ್ ಎರಡು ಯು-ಜಾಯಿಂಟ್‌ಗಳ ನಟ್ಟನಡುವೆ ಇರಬೇಕು. ಆಗ 32 ಡಿಗ್ರಿ ಮಡಚಿದರೆ ಎರಡಕ್ಕೂ 16 ಡಿಗ್ರಿ ಹಂಚಿಹೋಗುತ್ತದೆ. ಯು-ಜಾಯಿಂಟ್‌ಗೆ ಒಂದು ಗುಣ ಇದೆ. ಬಾಗಿದಾಗ ಅದು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದೇ ಜಾಯಿಂಟ್ 30 ಡಿಗ್ರಿ ಬಾಗಿದರೆ, ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಶೇ 13ರಷ್ಟು ಕಡಿಮೆಯಾಗಿ ಶೇ 15ರಷ್ಟು ಜಾಸ್ತಿಯಾಗುತ್ತದೆ. ಎರಡು ಜಾಯಿಂಟ್ ಸಮ ಕೋನದಲ್ಲಿದ್ದರೆ ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಸರಿಮಾಡುತ್ತದೆ. ಪಿನ್ ಹಿಂದೆ ಮುಂದೆ ಇದ್ದರೆ ಕೋನ ಸಮ ಇರುವುದಿಲ್ಲ, ತಿರುವಿನಲ್ಲಿ ಗಾಡಿ ನಡುಗುತ್ತದೆ.

ಎರಡು, ನಡುವಿನ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿರಬೇಕು. ಜಾರುವ ಭಾಗವನ್ನು ಬಿಚ್ಚಿ ಮತ್ತೆ ಹಾಕುವಾಗ ಇದು ತಪ್ಪುತ್ತದೆ. ಒಂದು ಕವಲು ಅಡ್ಡ, ಇನ್ನೊಂದು ಉದ್ದ ಕೂತರೆ ಏರುಪೇರು ಸರಿಹೋಗುವ ಬದಲು ಇಮ್ಮಡಿಯಾಗುತ್ತದೆ. ತಿರುವಿನಲ್ಲಿ ಟಕ್ ಟಕ್ ಸದ್ದು ಬಂದರೆ ಮೊದಲು ಇದನ್ನು ನೋಡಿ.

ಮೂರನೆಯದು ಉದ್ದ. ಮಡಚಿದಾಗ ಎರಡು ಯು-ಜಾಯಿಂಟ್‌ಗಳು ಹತ್ತಿರ ಬರುತ್ತವೆ. ಪಿನ್ನಿನಿಂದ ತಲಾ 20 ಎಂಎಂ ದೂರ ಇದ್ದರೆ, ನೇರ ಇದ್ದಾಗ ನಡುವೆ 40 ಎಂಎಂ. 32 ಡಿಗ್ರಿ ಮಡಚಿದರೆ ಸುಮಾರು 38.5 ಎಂಎಂ. ಅಂದರೆ ಶಾಫ್ಟ್ ಒಂದೂವರೆ ಎಂಎಂ ಒಳಗೆ ಜಾರಬೇಕು. ಜಾರಲು ಜಾಗ ಇಲ್ಲದಿದ್ದರೆ ಅದು ಎರಡೂ ಕಡೆಯ ಬೇರಿಂಗ್‌ಗಳನ್ನು ನೂಕುತ್ತದೆ. ಮೋಟರ್‌ಗೆ ಭಾರ, ಸರ್ವೋಗೂ ಭಾರ. ಕೈ ಬಿಟ್ಟಾಗ ಕೀಲು ವಾಪಸ್ ಬರುವುದು ಈ ನೂಕಿನಿಂದ.

ಇಲ್ಲಿಯವರೆಗಿನ ಲೆಕ್ಕ ಎಡಕ್ಕೂ ಬಲಕ್ಕೂ ಒಂದೇ. ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ ಅಂದರೆ ಪಿನ್ ಪಕ್ಕಕ್ಕೆ ಸರಿದಿದೆ. ಪಿನ್ ಬಲಕ್ಕೆ ಎರಡು ಎಂಎಂ ಸರಿದರೆ ಶಾಫ್ಟ್ ಪಿನ್ನಿನ ಎಡಗಡೆ ಬರುತ್ತದೆ. ಎಡಕ್ಕೆ ಮಡಚಿದಾಗ ಅದು ತಿರುವಿನ ಒಳಬದಿ. ಒಳಬದಿ ಜಾಸ್ತಿ ಕುಗ್ಗುತ್ತದೆ. ಲೆಕ್ಕ ಹಾಕಿದರೆ ಎಡಕ್ಕೆ 2.6 ಎಂಎಂ ಹತ್ತಿರ ಕುಗ್ಗಬೇಕು, ಬಲಕ್ಕೆ ಅರ್ಧ ಎಂಎಂ ಕೂಡ ಇಲ್ಲ. ಶಾಫ್ಟ್‌ನಲ್ಲಿ ಜಾರಲು ಎರಡು ಎಂಎಂ ಮಾತ್ರ ಬಿಟ್ಟಿದ್ದರೆ? ಬಲಕ್ಕೆ ಆರಾಮ. ಎಡಕ್ಕೆ ಕೊನೆಯಲ್ಲಿ ತಳ ಹತ್ತುತ್ತದೆ.

ಇದನ್ನು ನೋಡಲು ಲೆಕ್ಕವೂ ಬೇಡ. ಒಂದು ಮಾರ್ಕರ್ ಪೆನ್ ಸಾಕು. ಗಾಡಿ ನೇರ ಇಟ್ಟು, ಶಾಫ್ಟಿನ ಒಳಭಾಗ ಹೊರಭಾಗದೊಳಗೆ ಹೋಗುವ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಎಡಕ್ಕೆ ಮಡಚಿ, ಗೆರೆ ಎಷ್ಟು ಒಳಗೆ ಹೋಯಿತು ನೋಡಿ. ಬಲಕ್ಕೆ ಮಡಚಿ ನೋಡಿ. ಎರಡೂ ಸಮ ಇರಬೇಕು. ಬೀದರ್ ಗಾಡಿಯಲ್ಲಿ ಬಲಕ್ಕೆ ಗೆರೆ ಅಲ್ಲಾಡಲೇ ಇಲ್ಲ ಅನ್ನಬೇಕು. ಎಡಕ್ಕೆ ಪೂರ್ತಿ ಒಳಗೆ ಮಾಯವಾಗಿ, ಶಾಫ್ಟ್ ತಳ ಹತ್ತಿ ನಿಂತಿತು.

ಗಾಡಿಯನ್ನು ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಪರಿಚಯದ ಲೇಥ್ ಕಾಕಾ ಒಬ್ಬರಿಗೆ ತೋರಿಸಿದೆವು. ಹುಡುಗ ಶಾಫ್ಟ್ ಸೊಟ್ಟ ಆಗಿರಬೇಕು ಅಂದುಕೊಂಡಿದ್ದ. ಅವರು ಶಾಫ್ಟನ್ನು ಲೇಥಿಗೆ ಹಾಕಿ ತಿರುಗಿಸಿ ನೋಡಿ, ತೆಗೆದು ಕೈಗೆ ಕೊಟ್ಟರು.

“ತಮ್ಮಾ, ಶಾಫ್ಟ್ ಸೀದಾ ಅದ. ಈ ಪಿನ್ನಿಂದು ತೂತು ಜಾಗಾ ಬಿಟ್ಟದ ನೋಡು.”

“ಕಾಕಾ, ಪ್ರಿಂಟ್ ಮಾಡಿದಾಗ ಬರೋಬ್ಬರಿ ನಡುವಿಗೇ ಇತ್ತಲ್ರೀ.”

“ಆಗ ಇತ್ತು. ಈಗ ಇಲ್ಲ. ಇದು ಪ್ಲಾಸ್ಟಿಕ್ ಅದ, ಬಿಸಿಲಿಗೆ ಬಾಗ್ಯದ.”

ಬಿಸಿಲು ಮತ್ತು ಪಿಎಲ್‌ಎ

ಕೀಲಿನ ಬ್ರಾಕೆಟ್ ತ್ರೀಡಿ ಪ್ರಿಂಟ್ ಮಾಡಿದ್ದು, ಪಿಎಲ್‌ಎ ಅನ್ನುವ ಪ್ಲಾಸ್ಟಿಕ್‌ನಿಂದ. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಅದಕ್ಕೂ ಮೊದಲೇ, ಸದಾ ಭಾರ ಇದ್ದರೆ ನಿಧಾನವಾಗಿ ಬಾಗುತ್ತಾ ಹೋಗುತ್ತದೆ. ತಂಪು ಊರಿನಲ್ಲಿ ಕಟ್ಟುವವರು ಇದನ್ನು ದೊಡ್ಡ ವಿಷಯ ಅಂದುಕೊಳ್ಳದಿರಬಹುದು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ಆಗುವುದು ಏನೂ ಕಷ್ಟವಲ್ಲ. ತಗಡಿನ ಶೆಡ್ ಕೂಡ ಅಷ್ಟೇ. ಮಿಲಿಟರಿ ಗಾಡಿ ಅಂತ ಕಡು ಹಸಿರು ಬಣ್ಣ ಬಳಿದಿರುತ್ತೇವೆ, ಅದು ಬಿಸಿಲನ್ನು ಇನ್ನೂ ಹೀರುತ್ತದೆ. ಹುಡುಗ ಗಾಡಿಯನ್ನು ಪಕ್ಕಕ್ಕೆ ಮಲಗಿಸಿ ಕಾರಿನ ಡಿಕ್ಕಿಯಲ್ಲಿ ಇಡುತ್ತಿದ್ದ. ಹಿಂದಿನ ತುಂಡಿನ ಭಾರವೆಲ್ಲ ಬ್ರಾಕೆಟ್ ಮೇಲೆ ಪಕ್ಕಕ್ಕೆ ಬೀಳುತ್ತಿತ್ತು. ಪಿನ್ ಬಲಕ್ಕೆ ಸರಿದದ್ದು ಹಾಗೆ.

ಈಗ ಇಡೀ ಸರಪಳಿ ಕಾಣುತ್ತದೆ. ಬ್ರಾಕೆಟ್ ಬಾಗಿತು, ಪಿನ್ ಸರಿಯಿತು, ಎಡಕ್ಕೆ ಮಡಚಿದಾಗ ಶಾಫ್ಟ್ ತಳ ಹತ್ತಿತು. ಸರ್ವೋ ಅದನ್ನು ಮಣಿಸಲು ಒದ್ದಾಡಿತು. ಟೇಬಲ್ ಮೇಲೆ ಬಿಇಸಿ ಹೇಗೋ ತಡೆಯಿತು. ಬದುವಿನ ಮೇಲೆ ಟೈರಿನ ಹಿಡಿತವೂ ಸೇರಿದಾಗ ತಡೆಯಲಿಲ್ಲ. ರಿಸೀವರ್ ಆರಿತು. ಹೊರಗೆ ಕಂಡದ್ದು ಈ ಕೊನೆಯದು ಮಾತ್ರ.

ರಿಪೇರಿಗೆ ಅಲ್ಯುಮಿನಿಯಂ ಬ್ರಾಕೆಟ್ ಒಳ್ಳೆಯದು. ಕಿಟಕಿ ಮಾಡುವ ಅಂಗಡಿಗಳಲ್ಲಿ ದಪ್ಪ ಪಟ್ಟಿಯ ತುಂಡು ಸಿಗುತ್ತದೆ. ಮೇಲಿನ ಮತ್ತು ಕೆಳಗಿನ ಎರಡು ತುಂಡನ್ನೂ ಒಟ್ಟಿಗೆ ಬಿಗಿದು ಒಂದೇ ಸಲ ತೂತು ಕೊರೆಯಿರಿ. ಬೇರೆ ಬೇರೆ ಕೊರೆದರೆ ತೂತುಗಳು ಒಂದರ ಮೇಲೊಂದು ಕೂರುವುದಿಲ್ಲ. ತೂತಿನಲ್ಲಿ ಹಿತ್ತಾಳೆ ಬುಷ್ ಹಾಕಿಸಿ. ಪ್ರಿಂಟ್ ಮಾಡಿದ್ದೇ ಬೇಕು ಅನ್ನುವವರು ಪಿಇಟಿಜಿ ಬಳಸಿ, ಅದು 80 ಡಿಗ್ರಿ ಹತ್ತಿರದವರೆಗೆ ತಡೆಯುತ್ತದೆ. ಎಬಿಎಸ್ 100ರ ಆಚೆ. ಶಾಫ್ಟಿನ ಜಾರುವ ಭಾಗದಲ್ಲಿ ಲೆಕ್ಕಕ್ಕಿಂತ ಎರಡು ಎಂಎಂ ಜಾಸ್ತಿ ಜಾಗ ಬಿಡಿ.

ಜೋಡಿಸುವಾಗ ಸಮತಟ್ಟಾದ ಜಾಗ ಬೇಕು. ಅದಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ಪಾಲಿಶ್ ಮಾಡಿದ ಶಹಾಬಾದ್ ಪರ್ಸಿ ಒಂದು ತುಂಡು ತಂದು ಟೇಬಲ್ ಮೇಲೆ ಹಾಕಿ. ಚಾಸಿ ಅದರ ಮೇಲೆ ಅಲುಗಾಡದೆ ಕೂರಬೇಕು. ಮೂಲೆಮಟ್ಟ ಹಿಡಿದರೆ ಪಿನ್ ಸೀದಾ ನಿಂತಿರಬೇಕು.

ಮತ್ತೆ ಓಡಿಸಿ ನೋಡುವುದು

ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ವಾಟ್ ಮೀಟರ್ ಸಿಕ್ಕಿಸಿ. ಚಾಸಿ ಕೆಳಗೆ ಮರದ ತುಂಡು ಇಟ್ಟು ಚಕ್ರಗಳನ್ನು ಮೇಲೆತ್ತಿ. ಅರ್ಧ ಥ್ರಾಟಲ್‌ನಲ್ಲಿ ನೇರ, ಪೂರ್ತಿ ಎಡ, ಪೂರ್ತಿ ಬಲ, ಮೂರರಲ್ಲೂ ಆಂಪಿಯರ್ ಬರೆದುಕೊಳ್ಳಿ. ಎಡ ಬಲ ಸಮ ಇರಬೇಕು. ನೇರಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ ಇರಬೇಕು. ಒಂದು ಕಡೆ ಇಮ್ಮಡಿ ಬಂದರೆ ಇನ್ನೂ ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ಈ ಮೂರು ಅಂಕಿಗಳನ್ನು ಕ್ಯಾಬಿನ್ ಒಳಗೆ ಒಂದು ಚೀಟಿಯಲ್ಲಿ ಅಂಟಿಸಿಡಿ. ಬೇಸಿಗೆ ಮುಗಿದ ಮೇಲೆ ಮತ್ತೆ ಅಳೆದು ಹೋಲಿಸಿ ನೋಡಬಹುದು.

ಆಮೇಲೆ ನೆಲ. ಮೊದಲು ಪರ್ಸಿ ಹಾಸಿದ ಅಂಗಳ, ಆಮೇಲೆ ಮೊರಂ, ಕೊನೆಗೆ ಎರೆಮಣ್ಣು. ಬೀದರ್ ಕಡೆಯ ಕೆಂಪು ಮೊರಂ ಹರಳು ತೆರೆದ ಯು-ಜಾಯಿಂಟ್ ಒಳಗೆ ಸೇರುತ್ತದೆ. ಓಡಿಸಿ ಬಂದ ಮೇಲೆ ಬ್ರಷ್ ಹಾಕಿ, ಗ್ರೀಸ್ ಬಳಿಯಬೇಡಿ, ಹರಳು ಅದಕ್ಕೇ ಅಂಟುತ್ತದೆ. ನಮ್ಮ ಎರೆಮಣ್ಣು ಒಣಗಿದ್ದಾಗ ತೊಂದರೆ ಇಲ್ಲ, ಬಿರುಕಿಗೆ ಚಕ್ರ ಬೀಳದಂತೆ ನೋಡಿಕೊಂಡರೆ ಸಾಕು. ಮಳೆ ಬಿದ್ದ ಮೇಲೆ ಮಾತ್ರ ಟೈರಿಗೆ ಮೆತ್ತಿ ಭಾರ ಎಷ್ಟಾಗುತ್ತದೆ ಅಂತ ತೊಗರಿ ಹೊಲದಲ್ಲಿ ನಡೆದವರಿಗೆ ಗೊತ್ತು. ಆಗ ಓಡಿಸಬೇಡಿ. ನಿಂತಲ್ಲೇ ನಡು ಮಡಚುವುದು ಬೇಡ, ಗಾಡಿ ಮೆಲ್ಲಗೆ ಸಾಗುತ್ತಿರುವಾಗ ಮಡಚಿ. ನಿಂತ ಗಾಡಿ ಮಡಚಿದರೆ ಟೈರುಗಳನ್ನು ನೆಲಕ್ಕೆ ಉಜ್ಜಿ ಎಳೆಯಬೇಕು, ಆ ಭಾರವೆಲ್ಲ ಸರ್ವೋ ಮೇಲೆ. ಎಲ್ಲ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಬದಿಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಲಾಕ್ ಮಾಡಿದ್ದರಂತೂ ಓಡುವಾಗಲೂ ತಿರುವಿನಲ್ಲಿ ಉಜ್ಜುತ್ತದೆ. ಹಿಂದಿನ ಆಕ್ಸಲ್‌ನಲ್ಲಾದರೂ ಒಂದನ್ನು ತೆರೆದಿಡಿ.

ರೇಡಿಯೋ ಕಡೆಗೆ ಬರುವುದು ಇಷ್ಟೆಲ್ಲ ಆದ ಮೇಲೆ. ಬೇರೆ ಪ್ಯಾಕ್ ಹಚ್ಚಿದರೂ ಗಾಡಿ ಸಾಯುತ್ತಿದ್ದರೆ, ಲೈಟ್ ಜೋರಾಗೇ ಇದ್ದು ರಿಸೀವರ್ ದೀಪ ಮಿಣುಕುತ್ತಿದ್ದರೆ, ಆಂಟೆನಾ ನೋಡಿ. 2.4 ಗಿಗಾಹರ್ಟ್ಸ್ ರಿಸೀವರ್‌ನ ಆಂಟೆನಾ ವೈರಿನಲ್ಲಿ ಕೆಲಸ ಮಾಡುವುದು ತುದಿಯ 31 ಎಂಎಂ ಮಾತ್ರ. ಆ ತುದಿ ಅಲ್ಯುಮಿನಿಯಂ ಚಾಸಿಗೆ ತಾಗಿಕೊಂಡಿರಬಾರದು, ಮೋಟರ್ ಪಕ್ಕದಲ್ಲಿ ಮಲಗಿರಬಾರದು. ಕ್ಯಾಬಿನ್ ಚಾವಣಿಯ ಒಳಗೆ ನೆಟ್ಟಗೆ ನಿಲ್ಲಿಸಿ. ಬ್ರಷ್ ಮೋಟರ್ ಆದರೆ ಅದರ ಮೇಲೆ 104 ಅಂತ ಬರೆದ ಮೂರು ಪುಟ್ಟ ಕೆಪಾಸಿಟರ್ ಇವೆಯಾ ನೋಡಿ: ಎರಡು ಟರ್ಮಿನಲ್‌ಗಳ ನಡುವೆ ಒಂದು, ಪ್ರತಿ ಟರ್ಮಿನಲ್‌ನಿಂದ ಮೋಟರ್ ಮೈಗೆ ಒಂದೊಂದು. ಒಂದು ಬೆಸುಗೆ ಬಿಟ್ಟಿದ್ದರೂ ಮೋಟರಿನ ಕಿಡಿ ರಿಸೀವರ್‌ಗೆ ಕಿರುಕುಳ ಕೊಡುತ್ತದೆ. ಇವೆರಡೂ ಸರಿ ಇದ್ದು ಇನ್ನೂ ನಿಲ್ಲುತ್ತದೆ ಅಂದರೆ, ಆಗ ಧೈರ್ಯವಾಗಿ ಹೊಸ ರಿಸೀವರ್ ತನ್ನಿ.